ಟೊಂಕದ ನೋವು, ಮನಸ್ಸಿನ ಭಾರ: ಎರಡನ್ನೂ ಒಟ್ಟಿಗೆ ಹಿಡಿಯುವ ಬಗೆ

ಮೂರು ತಿಂಗಳು ದಾಟಿದರೂ ಬಿಡದ ಬೆನ್ನುನೋವಿಗೆ ನಮ್ಮ ಕಡೆ ಸಿಗುವ ಮಾತು ಹೆಚ್ಚುಕಡಿಮೆ ಎರಡೇ. ಮನೆಯವರು "ಮೊದಲ ಟೊಂಕ ಆರಾಮ ಆಗ್ಲಿ, ಮನಸ್ಸ ತಾನ ಹಗುರ ಆಗ್ತೈತಿ" ಅನ್ನುತ್ತಾರೆ. ಸ್ಕ್ಯಾನಿಂಗ್ ನೋಡಿದವರು "ಇದರಾಗ ಏನೂ ಇಲ್ಲ, ಎಲ್ಲಾ ಮನಸ್ಸಿಂದ" ಎಂದು ಕಳಿಸುತ್ತಾರೆ. ಈ ಮಾತುಗಳನ್ನು ನಂಬಿ ಕೂತವರ ವರ್ಷಗಳು ಹಾಗೇ ಕಳೆದುಹೋಗುತ್ತವೆ. ನೋವು ನಿಜ. ಅದರ ಬೆನ್ನಿಗೆ ಬಂದ ದುಗುಡವೂ ಅಷ್ಟೇ ನಿಜ. ಒಂದಕ್ಕಷ್ಟೇ ಮದ್ದು ಮಾಡಿದರೆ ಇನ್ನೊಂದು ಅದನ್ನು ಮತ್ತೆ ಎಳೆದು ತರುತ್ತದೆ. ಹಾಗಾಗಿ ಎರಡಕ್ಕೂ ಒಂದೇ ವಾರದಲ್ಲಿ ಕೈಹಚ್ಚಬೇಕು. ಅದು ಹೇಗೆ ಎಂಬುದನ್ನು ಮುಂದೆ ಹೇಳಿದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಬೆನ್ನನ್ನು ದಣಿಸದ ಕಸುಬು ಕಡಿಮೆ. ಕಬ್ಬು ಕಡಿಯುವವರು ದಿನವಿಡೀ ಬುಡಕ್ಕೆ ಬಗ್ಗಿರುತ್ತಾರೆ. ಇಳಕಲ್ಲಿನ ಕುಣಿಮಗ್ಗದಲ್ಲಿ ಬೆನ್ನಿಗೆ ಆಸರೆಯೇ ಇಲ್ಲದೆ ಮುಂದಕ್ಕೆ ಬಾಗಿ ಕೂರುತ್ತಾರೆ. ತಿಕೋಟಾ ಕಡೆಯ ದ್ರಾಕ್ಷಿ ತೋಟದಲ್ಲಿ ಚಾಟ್ನಿ ಮಾಡುವವರು, ಅಂದರೆ ಬಳ್ಳಿ ಸವರುವವರು, ಕತ್ತು, ಕೈ ಮೇಲೆತ್ತಿಕೊಂಡೇ ಇರುತ್ತಾರೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಎತ್ತುವ ಕೆಲಸ, ಬಸ್ಸಿನ ಚಾಲಕರಿಗೆ ಗಂಟೆಗಟ್ಟಲೆ ಕುಲುಕಾಟ. ಇವರೆಲ್ಲರಿಗಿಂತ ಮೊದಲು ಎದ್ದು ಒಲೆಯ ಮುಂದೆ ಮಣೆಯ ಮೇಲೆ ಕೂತು ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಟೊಂಕವನ್ನು ಲೆಕ್ಕಕ್ಕೆ ಹಿಡಿಯುವವರೇ ಇಲ್ಲ.

ಮೊದಲು ಅಪಾಯದ ಗುರುತು ಇದೆಯೇ ನೋಡಿ

ಬಹುಪಾಲು ಬೆನ್ನುನೋವು ಪ್ರಾಣಕ್ಕೆ ಅಪಾಯದ್ದಲ್ಲ. ಆದರೆ ಕೆಲವನ್ನು ಒಂದು ದಿನವೂ ತಡಮಾಡುವಂತಿಲ್ಲ. ಎರಡೂ ತೊಡೆಯ ಸಂದಿಯಲ್ಲಿ, ಕುದುರೆಯ ಜೀನು ತಾಗುವ ಜಾಗದಲ್ಲಿ ಜೋಮು ಹಿಡಿದಿದೆಯೇ? ಮೂತ್ರ ಕಟ್ಟಿದೆಯೇ, ಮಲಮೂತ್ರ ತಿಳಿಯದೆ ಹೋಗುತ್ತಿದೆಯೇ? ಕಾಲಿನ ಬಲ ದಿನದಿಂದ ದಿನಕ್ಕೆ ಕುಂದುತ್ತಿದೆಯೇ? ಇವುಗಳಲ್ಲಿ ಒಂದಿದ್ದರೂ ಅಂದೇ, ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಬೆನ್ನುಹುರಿಯ ಬುಡದ ನರಗಳು ಒತ್ತಿ ಹೋದಾಗ ಹೀಗಾಗುತ್ತದೆ. ತಡವಾದರೆ ಆ ನರಗಳು ಮತ್ತೆ ಚೇತರಿಸಿಕೊಳ್ಳದೇ ಉಳಿಯಬಹುದು.

ಇನ್ನು ಕೆಲವು ಗುರುತಿಗೆ ಅದೇ ವಾರ ವೈದ್ಯರನ್ನು ಕಾಣಬೇಕು: ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು (ನಮ್ಮಲ್ಲಿ ಬೆನ್ನೆಲುಬಿನ ಕ್ಷಯ ಇನ್ನೂ ಇದೆ), ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ನೋವು, ಮಲಗಿದರೂ ಎದ್ದರೂ ಒಂದೇ ಸಮ ಇರುವ ನೋವು, ಸಣ್ಣಗೆ ಜಾರಿ ಬಿದ್ದ ಮೇಲೆ ವಯಸ್ಸಾದವರಲ್ಲಿ ಅಥವಾ ಬಹಳ ದಿನ ಸ್ಟೀರಾಯ್ಡ್ ನುಂಗಿದವರಲ್ಲಿ ಬಂದ ನೋವು.

ಇವು ಯಾವುವೂ ಇಲ್ಲದಿದ್ದರೆ ಎಮ್‌ಆರ್‌ಐಗೆ ಅವಸರ ಬೇಡ. ವರದಿಯಲ್ಲಿ "ಡಿಸ್ಕ್ (ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆ) ಸವೆದಿದೆ", "ಡಿಸ್ಕ್ ಉಬ್ಬಿದೆ" ಎಂದು ಓದಿದೊಡನೆ ಎಷ್ಟೋ ಜನ ಹಾಸಿಗೆ ಹಿಡಿಯುತ್ತಾರೆ. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನಿಂಗ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ, 20ರ ವಯಸ್ಸಿನವರಲ್ಲೇ ನೂರಕ್ಕೆ 37 ಮಂದಿಗೆ ಡಿಸ್ಕ್ ಸವೆತ ಕಂಡಿತ್ತು. 80ರ ವಯಸ್ಸಿಗೆ ಅದು 96. ತಲೆಗೂದಲು ನೆರೆತ ಹಾಗೆ ಇದೂ. ವರದಿಯಲ್ಲಿ ಬರೆದದ್ದೆಲ್ಲ ನೋವಿನ ಕಾರಣವಲ್ಲ. ವರದಿ ಚೊಕ್ಕಟವಾಗಿದ್ದರೆ ನೋವು ಸುಳ್ಳು ಎಂದೂ ಅಲ್ಲ.

ಬೆನ್ನಿಗೂ ಮನಸ್ಸಿಗೂ ನಂಟು ಎಲ್ಲಿ

ಮಿದುಳಿನಿಂದ ಬೆನ್ನುಹುರಿಗೆ ಇಳಿದುಬರುವ ನರದ ದಾರಿಯೊಂದಿದೆ. ಕಾಲುವೆಗೆ ತೂಬು ಇದ್ದ ಹಾಗೆ, ಕೆಳಗಿನಿಂದ ಬರುವ ನೋವಿನ ಸುದ್ದಿಯಲ್ಲಿ ಎಷ್ಟನ್ನು ಮೇಲಕ್ಕೆ ಬಿಡಬೇಕು, ಎಷ್ಟನ್ನು ತಡೆಯಬೇಕು ಎಂಬುದನ್ನು ಅದು ನೋಡಿಕೊಳ್ಳುತ್ತದೆ. ಈ ತೂಬು ನಡೆಯುವುದು ಮುಖ್ಯವಾಗಿ ಸಿರೊಟೋನಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳಿಂದ. ಮನಸ್ಸಿನ ಉಲ್ಲಾಸ, ನಿದ್ದೆ, ಹಸಿವುಗಳಲ್ಲೂ ಇವೇ ಕೆಲಸ ಮಾಡುತ್ತವೆ. ಖಿನ್ನತೆಯಲ್ಲಿ ಈ ವ್ಯವಸ್ಥೆ ಹದ ತಪ್ಪಿದರೆ ನಿನ್ನೆ ತಾಳಿಕೊಂಡಿದ್ದ ನೋವೇ ಇವತ್ತು ತಾಳಲಾರದಂತಾಗುತ್ತದೆ. ತಿಂಗಳುಗಟ್ಟಲೆ ನೋವಿನ ಸುದ್ದಿ ಹೊತ್ತ ನರಗಳು ಸೂಕ್ಷ್ಮವಾಗಿ, ಮುಟ್ಟಿದರೂ ಉರಿಯುವಂತಾಗುವುದೂ ಉಂಟು.

ಎರಡನೆಯ ನಂಟು ನಿದ್ದೆ. ನೋವಿಗೆ ನಿದ್ದೆ ಒಡೆಯುತ್ತದೆ, ನಿದ್ದೆಗೆಟ್ಟ ಮೈ ಮರುದಿನ ನೋವನ್ನು ಹೆಚ್ಚು ಅನುಭವಿಸುತ್ತದೆ, ಮನಸ್ಸು ಕಿರಿಕಿರಿಗೊಳ್ಳುತ್ತದೆ.

ಮೂರನೆಯದು, ನಮ್ಮ ಕಣ್ಣಿಗೆ ಎಲ್ಲಕ್ಕಿಂತ ಕೆಟ್ಟದ್ದು, ಅಂಜಿಕೆ. ಬಗ್ಗಿದರೆ ನರ ಕಡಿದುಹೋಗುತ್ತದೆ ಎಂಬ ಅಂಜಿಕೆಯಿಂದ ಬಗ್ಗುವುದನ್ನು ಬಿಡುತ್ತಾರೆ, ಆಮೇಲೆ ನಡೆಯುವುದನ್ನು, ಆಮೇಲೆ ಸಂತೆಗೆ, ಜಾತ್ರೆಗೆ, ಮದುವೆಗೆ ಹೋಗುವುದನ್ನು. ಬೆನ್ನಿನ ಸ್ನಾಯು ಸೊರಗುತ್ತವೆ, ಅದರಿಂದ ನೋವು ಬೇಗ ಬರುತ್ತದೆ, ಅಂಜಿಕೆ ಖರೆ ಅನ್ನಿಸುತ್ತದೆ. ದುಡಿಮೆ ನಿಂತ ಮನೆಯಲ್ಲಿ ಸಾಲದ ಚಿಂತೆಯೂ ಕೂಡಿಕೊಳ್ಳುತ್ತದೆ. "ನಾನ ಮನಿಗೆ ಭಾರ ಆದೆ" ಎಂಬ ಮಾತು ಬಾಯಿಂದ ಬಂತೆಂದರೆ ಬೆನ್ನುನೋವು ಆಗಲೇ ಖಿನ್ನತೆಯ ಹೊಸ್ತಿಲು ದಾಟಿದೆ ಎಂದೇ ತಿಳಿಯಿರಿ. ಈ ದಾರಿ ಎರಡೂ ಕಡೆಯಿಂದ ಸಾಗುತ್ತದೆ: ಮೊದಲೇ ಖಿನ್ನತೆ ಇದ್ದವರಿಗೆ ಬೆನ್ನುನೋವು ಬರುವುದೂ ಬಂದದ್ದು ಉಳಿಯುವುದೂ ಹೆಚ್ಚು.

ಎರಡು ವಾರದ ಲೆಕ್ಕ

ನಮ್ಮ ಜನ "ನನಗ ಖಿನ್ನತೆ ಐತಿ" ಎಂದು ಹೇಳುವುದಿಲ್ಲ. "ಜೀವಾ ಬ್ಯಾಸರಾಗೇತಿ", "ಎದಿ ಭಾರ ಆಗೇತಿ", "ಏನ ಮಾಡಾಕೂ ಮನಸ್ಸ ಬರವಲ್ದು" ಎನ್ನುತ್ತಾರೆ. ಎಷ್ಟೋ ಸಲ ಟೊಂಕದ ನೋವಿನ ಮಾತೊಂದನ್ನೇ ಆಡುತ್ತಾರೆ. ಆದ್ದರಿಂದ ಕೇಳಿ ನೋಡಬೇಕು. ಜಗತ್ತಿನೆಲ್ಲೆಡೆ ವೈದ್ಯರು ಬಳಸುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯಲ್ಲಿ ಒಂಬತ್ತು ಸಂಗತಿಗಳಿವೆ: ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮನಸ್ಸು ಕುಗ್ಗಿರುವುದು, ನಿದ್ದೆಯ ತೊಂದರೆ, ದಣಿವು, ಹಸಿವಿನ ಏರುಪೇರು, ತಾನು ಸೋತೆ ಅಥವಾ ಮನೆಯವರ ತಲೆ ತಗ್ಗಿಸಿದೆ ಎಂಬ ಭಾವನೆ, ಗಮನ ನಿಲ್ಲದಿರುವುದು, ಮಾತು-ನಡೆ ನಿಧಾನವಾಗುವುದು ಇಲ್ಲವೇ ಚಡಪಡಿಕೆ, ಸಾಯುವ ಅಥವಾ ತನಗೆ ತಾನೇ ಕೇಡು ಮಾಡಿಕೊಳ್ಳುವ ಯೋಚನೆ. ಕಳೆದ ಎರಡು ವಾರದಲ್ಲಿ ಒಂದೊಂದೂ ಎಷ್ಟು ದಿನ ಕಾಡಿತು ಎಂದು ನೋಡಿ, ಇಲ್ಲವೇ ಇಲ್ಲ ಅಂದರೆ 0, ಕೆಲವು ದಿನ 1, ಅರ್ಧಕ್ಕಿಂತ ಹೆಚ್ಚು ದಿನ 2, ಹೆಚ್ಚುಕಡಿಮೆ ದಿನವೂ 3 ಎಂದು ಹಾಕಿ ಕೂಡಿಸಿ. ಒಟ್ಟು 27ಕ್ಕೆ 10 ಅಥವಾ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಬೇಕು. ಕೊನೆಯ ಪ್ರಶ್ನೆಗೆ 0 ಅಲ್ಲದ ಯಾವುದೇ ಉತ್ತರ ಬಂದರೆ ಒಟ್ಟು ಅಂಕ ನೋಡಬೇಡಿ, ಅಂದೇ ಸಹಾಯ ಕೇಳಿ.

ಇಲ್ಲೊಂದು ತೊಡಕಿದೆ. ನಿದ್ದೆ, ದಣಿವು, ಹಸಿವು ಮೂರೂ ಬರೀ ನೋವಿನಿಂದಲೂ ಕೆಡುತ್ತವೆ. ಹಾಗಾಗಿ ಬೆನ್ನುನೋವಿದ್ದವರು ಮೊದಲ ಎರಡು ಪ್ರಶ್ನೆಗಳನ್ನು ಬಿಗಿಯಾಗಿ ಹಿಡಿಯಬೇಕು. ಅವೆರಡರಲ್ಲೇ 3 ಅಥವಾ ಹೆಚ್ಚು ಅಂಕ ಬಂದರೆ, ಅಥವಾ ನೋವು ಕಡಿಮೆ ಇದ್ದ ದಿನವೂ ಮೊಮ್ಮಗನ ಆಟ, ಎತ್ತಿನ ಮೈದಡವುವುದು, ಭಜನೆ ಯಾವುದೂ ಹಿತ ಕೊಡದಿದ್ದರೆ, ಅದು ಬರೀ ಟೊಂಕದ ಕಾಟವಲ್ಲ.

ವೈದ್ಯರ ಬಳಿ ಹೋದಾಗ ಥೈರಾಯ್ಡ್, ವಿಟಮಿನ್ ಬಿ12, ವಿಟಮಿನ್ ಡಿ, ರಕ್ತದ ಹಿಮೋಗ್ಲೋಬಿನ್, ಸಕ್ಕರೆ ನೋಡಿಸಬೇಕೇ ಎಂದು ಕೇಳಿ. ಥೈರಾಯ್ಡ್ ಕಡಿಮೆಯಾದರೆ ಮೈಕೈ ನೋವು, ಸುಸ್ತು, ಮಂಕು ಮೂರೂ ಒಟ್ಟಿಗೆ ಬರುತ್ತವೆ. ಮಾಂಸ, ಮೊಟ್ಟೆ ತಿನ್ನದವರಲ್ಲಿ, ಹಾಲು-ಮೊಸರೂ ಕಡಿಮೆ ಇದ್ದರೆ ಬಿ12 ಕೊರತೆ ಸಾಮಾನ್ಯ.

ಒಂದು ವಾರದ ನೋಟ್‌ಬುಕ್

ಶಾಲೆಯ ಹಳೆಯ ನೋಟ್‌ಬುಕ್ಕಿನ ಒಂದು ಹಾಳೆಗೆ ಗೆರೆ ಎಳೆದು ನಾಲ್ಕು ಕಾಲಂ ಮಾಡಿ: ಎಷ್ಟು ತಾಸು ನಿದ್ದೆ, ನೋವು ಹತ್ತಕ್ಕೆ ಎಷ್ಟು, ಮನಸ್ಸಿನ ಭಾರ ಹತ್ತಕ್ಕೆ ಎಷ್ಟು, ಏನೇನು ಕೆಲಸ ಮಾಡಿದೆ. ಬರೆಯುವುದು ದಿನಕ್ಕೆ ಎರಡು ಸಲ ಸಾಕು, ಬೆಳಗಿನ ಚಹಾ ಹೊತ್ತಿಗೆ ಮತ್ತು ರಾತ್ರಿ ಊಟ ಆದ ಮೇಲೆ. ಗಂಟೆಗೊಮ್ಮೆ ನೋವನ್ನು ಅಳೆದರೆ ಗಮನವೆಲ್ಲ ಅಲ್ಲೇ ನಿಂತು ನೋವು ಬೆಳೆಯುತ್ತದೆ. ಓದು ಬರಹ ಬಾರದವರು ಮಕ್ಕಳಿಂದ ಬರೆಸಬಹುದು.

ಏಳು ದಿನವಾದ ಮೇಲೆ ಹಾಳೆಯನ್ನು ಮುಂದಿಟ್ಟುಕೊಂಡು ನೋಡಿ. ಬಹಳ ಜನರ ಹಾಳೆಯಲ್ಲಿ ಒಂದೇ ಚಿತ್ರ ಕಾಣುತ್ತದೆ: ನೋವು 3 ಇದ್ದ ದಿನ "ಇವತ್ತ ಆರಾಮದೀನಿ" ಎಂದು ಉಳಿದ ಕೆಲಸವನ್ನೆಲ್ಲ ಒಮ್ಮೆಗೇ ಮುಗಿಸಿದ್ದಾರೆ, ಮರುದಿನ ನೋವು 8, ಆಮೇಲೆ ಎರಡು ದಿನ ಹಾಸಿಗೆ, ಆ ಎರಡು ದಿನ ಮನಸ್ಸಿನ ಭಾರ 9. ಕೆಡಿಸಿದ್ದು ಆ ಒಳ್ಳೆಯ ದಿನ.

ಅಳತೆ ಕಂಡುಕೊಳ್ಳುವುದು

ಇದು ಇಡೀ ಕೆಲಸದ ಬೆನ್ನೆಲುಬು, ಆದ್ದರಿಂದ ನಿಧಾನವಾಗಿ ಹೇಳುತ್ತೇವೆ.

ನೋವು ತರುವ ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ರೊಟ್ಟಿ ಎಂದಿಟ್ಟುಕೊಳ್ಳಿ. ಮೂರು ದಿನ, ಮಣೆಯ ಮೇಲೆ ಕೂತಾಗಿನಿಂದ ನೋವು ಎರಡು ಅಂಕ ಏರುವ ತನಕ ಎಷ್ಟು ನಿಮಿಷ ಎಂದು ಗಡಿಯಾರ ನೋಡಿ ಬರೆದಿಡಿ. ಮೊದಲ ದಿನ 20, ಎರಡನೆಯ ದಿನ 14, ಮೂರನೆಯ ದಿನ 17 ಬಂತೆನ್ನಿ. ಸರಾಸರಿ 17. ಅದರ ಮುಕ್ಕಾಲು, ಅಂದರೆ ಸುಮಾರು 12 ನಿಮಿಷ. ಇದು ನಿಮ್ಮ ಅಳತೆ. ನಾಲ್ಕನೆಯ ದಿನದಿಂದ 12 ನಿಮಿಷಕ್ಕೆ ಮೊಬೈಲಿನಲ್ಲಿ ಅಲಾರಂ ಇಡಿ. ಅಲಾರಂ ಹೊಡೆದಾಗ ಕೈಯಲ್ಲಿದ್ದ ರೊಟ್ಟಿ ಬೇಯಿಸಿ, ಎದ್ದು ಮೂರು ನಿಮಿಷ ಅಂಗಳದಲ್ಲಿ ಅಡ್ಡಾಡಿ, ನೀರು ಕುಡಿದು ಮತ್ತೆ ಕೂರಿ. ನೋವೇ ಇಲ್ಲದಿದ್ದರೂ ಏಳಬೇಕು. ನೋವು ಎಬ್ಬಿಸುವವರೆಗೆ ಕೂತರೆ ಮಿದುಳು "ರೊಟ್ಟಿ ಅಂದರೆ ನೋವು" ಎಂದು ಕಲಿಯುತ್ತದೆ, ನೋವಿಗೆ ಮೊದಲೇ ಎದ್ದರೆ ಆ ಪಾಠ ಸಡಿಲವಾಗುತ್ತದೆ. ಮುಂದೆ ವಾರಕ್ಕೊಮ್ಮೆ ನೂರಕ್ಕೆ ಹತ್ತರಷ್ಟು, ಅಂದರೆ ಬರೀ ಒಂದು ನಿಮಿಷ ಏರಿಸಿ. ಒಳ್ಳೆಯ ದಿನವೂ ಅಷ್ಟೇ, ಕೆಟ್ಟ ದಿನವೂ ಅಷ್ಟೇ. ಎಂಟು ವಾರದಲ್ಲಿ ಅದು 20 ನಿಮಿಷ ಮುಟ್ಟುತ್ತದೆ.

ಒಲೆಯನ್ನು ಕಟ್ಟೆಗೆ ಏರಿಸಲು ಸಾಧ್ಯವಿದ್ದರೆ ಏರಿಸಿ. ರೊಟ್ಟಿ ಬಡಿಯಲು ಕೈಯ ಒತ್ತಡ ಬೇಕು, ಹಾಗಾಗಿ ಕೊಣಮಿಗೆ (ಹಿಟ್ಟು ನಾದುವ ಮರಿಗೆ) ಇಡುವ ಜಾಗ ನಿಂತಾಗ ಮೊಣಕೈಗಿಂತ ಐದಾರು ಇಂಚು ಕೆಳಗಿರಲಿ. ಮೊಣಕೈ ಮಟ್ಟಕ್ಕೇ ಇದ್ದರೆ ಹೆಗಲು ಎತ್ತಿ ಬಡಿಯಬೇಕಾಗಿ ಕುತ್ತಿಗೆ ಹಿಡಿಯುತ್ತದೆ. ಒಂದು ಕಾಲನ್ನು ಸಣ್ಣ ಮಣೆಯ ಮೇಲಿಟ್ಟು, ಆಗಾಗ ಕಾಲು ಬದಲಿಸಿ.

ಮಗ್ಗದವರಿಗೆ ಅಲಾರಂ ಬೇಡ, ನೂಲು ಸುತ್ತಿದ ಕಂಡಿಕೆಯೇ ಗಡಿಯಾರ. ನಿಮ್ಮ ಅಳತೆಯ ನಿಮಿಷಕ್ಕೆ ಎಷ್ಟು ಕಂಡಿಕೆ ಮುಗಿಯುತ್ತವೆ ಎಂದು ಒಮ್ಮೆ ಎಣಿಸಿಕೊಂಡರೆ, ಲಾಳಿಗೆ ಹೊಸ ಕಂಡಿಕೆ ಹಾಕುವಾಗ ಕುಣಿಯಿಂದ ಎದ್ದು, ಸೊಂಟದ ಮೇಲೆ ಎರಡೂ ಕೈಯಿಟ್ಟು ಹಿಂದಕ್ಕೆ ಐದು ಸಲ ಬಾಗಬಹುದು. ಕೂರುವ ಹಲಗೆಯ ಮೇಲೆ ಹಿಂಭಾಗ ಎರಡು ಬೆರಳು ಎತ್ತರವಾಗುವಂತೆ ಕೌದಿ ಮಡಚಿಟ್ಟರೆ ಸೊಂಟ ಕುಸಿಯುವುದು ಕಡಿಮೆಯಾಗುತ್ತದೆ.

ಟನ್ನಿನ ಲೆಕ್ಕದಲ್ಲಿ ಕಬ್ಬು ಕಡಿಯುವವರಿಗೆ ನಡುನಡುವೆ ಕೂರಿ ಅಂದರೆ ಕೂಲಿ ಹೋಗುತ್ತದೆ, ಗ್ಯಾಂಗಿನವರೂ ಸಿಟ್ಟಾಗುತ್ತಾರೆ. ಅಂಥವರು ಕೂರುವುದರ ಬದಲು ಕೆಲಸ ಬದಲಿಸಿಕೊಳ್ಳಬೇಕು. ಇಪ್ಪತ್ತು ನಿಮಿಷ ಕಡಿಯುವುದು, ಆಮೇಲೆ ನಿಂತು ರವದಿ (ಕಬ್ಬಿನ ಒಣ ಎಲೆ) ಸುಲಿಯುವುದು, ಆಮೇಲೆ ಹೊರೆ ಕಟ್ಟುವುದು, ಹೀಗೆ ಜೊತೆಗಾರರೊಂದಿಗೆ ಸರದಿ ಮಾಡಿಕೊಂಡರೆ ಒಂದೇ ಸ್ನಾಯುವಿನ ಮೇಲೆ ಭಾರ ಬೀಳುವುದಿಲ್ಲ. ಕಡಿಯುವಾಗ ಸೊಂಟದಿಂದ ಬಗ್ಗುವ ಬದಲು ಒಂದು ಕಾಲು ಮುಂದಿಟ್ಟು ಮೊಣಕಾಲು ಮಡಚಿ. ಹೊರೆ ಎತ್ತುವಾಗ ಎದೆಗೆ ಅವುಚಿಕೊಂಡು ಎತ್ತಿ, ಎತ್ತಿದ ಮೇಲೆ ಟೊಂಕ ತಿರುವದೆ ಪಾದ ತಿರುಗಿಸಿ.

ನಡಿಗೆ, ನಾಲ್ಕು ಸಾಧನೆ

ವ್ಯಾಯಾಮದಲ್ಲಿ ಇದೇ ಶ್ರೇಷ್ಠ ಎಂಬುದು ಯಾವುದೂ ಇಲ್ಲ. ಬಿಡದೆ ಮಾಡುವುದೇ ಶ್ರೇಷ್ಠ. ನಡಿಗೆಗೆ ಖರ್ಚಿಲ್ಲ. ಬೆನ್ನುನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಂತಹಂತವಾಗಿ ನಡಿಗೆ ಹೆಚ್ಚಿಸಿಕೊಂಡವರಿಗೆ ನೋವು ಮರಳಿ ಬರಲು ನಡುವಿನ ಲೆಕ್ಕದಲ್ಲಿ (ಮೀಡಿಯನ್) 208 ದಿನ ಹಿಡಿಯಿತು, ನಡಿಗೆಯ ಕ್ರಮ ಇಲ್ಲದವರಿಗೆ 112 ದಿನ. ಅಲ್ಲಿಯ ಗುರಿ ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ. ನೀವು ದಿನಕ್ಕೆ ಎರಡು ಸಲ 5 ನಿಮಿಷದಿಂದ ಹಿಡಿಯಿರಿ. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಬೆಳಗಿನ 7ರೊಳಗೆ ಮುಗಿಸಿ. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ರಾತ್ರಿಯ ನಿದ್ದೆಯ ಹೊತ್ತೂ ಸರಿಹೋಗುತ್ತದೆ, ಮನಸ್ಸಿಗೂ ಒಳ್ಳೆಯದು.

ಮನೆಯಲ್ಲಿ ಚಾಪೆಯ ಮೇಲೆ ನಾಲ್ಕು: ಮೊಣಕಾಲು ಮಡಚಿ ಅಂಗಾತ ಮಲಗಿ ಟೊಂಕವನ್ನು ನೆಲಕ್ಕೆ ಒತ್ತಿ 5 ಎಣಿಸುವುದು; ಅದೇ ಭಂಗಿಯಲ್ಲಿ ಸೊಂಟ ಮೇಲೆತ್ತಿ 5 ಎಣಿಸುವುದು; ಕೈ-ಮೊಣಕಾಲೂರಿ ಬೆಕ್ಕಿನಂತೆ ಬೆನ್ನು ಉಬ್ಬಿಸಿ ತಗ್ಗಿಸುವುದು; ಅದೇ ಭಂಗಿಯಲ್ಲಿ ಒಂದು ಕೈ ಮುಂದಕ್ಕೆ, ಎದುರು ಬದಿಯ ಕಾಲು ಹಿಂದಕ್ಕೆ ಚಾಚುವುದು. ಒಂದೊಂದೂ 8ರಿಂದ 10 ಸಲ. ಮಾಡುವಾಗ ನೋವು ಒಂದೆರಡು ಅಂಕ ಏರಿ ಮರುದಿನದೊಳಗೆ ಇಳಿದರೆ ಗಾಬರಿ ಬೇಡ, ಸೊರಗಿದ ಸ್ನಾಯು ಮತ್ತೆ ಕೆಲಸಕ್ಕೆ ಹತ್ತಿದ ನೋವು ಅದು. ಕಾಲಿನ ತುದಿಯವರೆಗೆ ಸೆಳೆತ ಹೊಸದಾಗಿ ಶುರುವಾದರೆ ಮಾತ್ರ ನಿಲ್ಲಿಸಿ, ಫಿಸಿಯೋಥೆರಪಿಯವರಿಗೆ ತೋರಿಸಿ.

ಬೆಲ್ಟ್, ಎಳೆತದ ಚಿಕಿತ್ಸೆ, ಅಲ್ಟ್ರಾಸೌಂಡ್ ಶಾಖ, "ಕರೆಂಟ್ ಕೊಡೋದು" ಎಂದು ನಮ್ಮವರು ಕರೆಯುವ ಯಂತ್ರ, ಇವುಗಳನ್ನು ಬಹುಕಾಲದ ಬೆನ್ನುನೋವಿಗೆ ವಾಡಿಕೆಯಾಗಿ ಬಳಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನ ಮಾರ್ಗಸೂಚಿಯಲ್ಲಿ ಹೇಳಿದೆ. ಹತ್ತು ದಿನದ ಕರೆಂಟಿಗೆ ಕೊಡುವ ದುಡ್ಡಿನಲ್ಲಿ ವ್ಯಾಯಾಮ ಕಲಿಸುವವರ ಬಳಿ ಮೂರು ಸಲ ಹೋಗಿಬರುವುದು ಮೇಲು.

ಮನಸ್ಸಿಗೂ ಅಳತೆ

"ಮನಸ್ಸ ಬಂದ ಮ್ಯಾಲ ಹೋಗ್ತೀನಿ" ಎಂದು ಕಾಯುವವರಿಗೆ ಆ ಮನಸ್ಸು ಬರುವುದೇ ಇಲ್ಲ. ಖಿನ್ನತೆಯಲ್ಲಿ ಮೊದಲು ಕೆಲಸ, ಆಮೇಲೆ ಉಲ್ಲಾಸ. ವಾರಕ್ಕೆ ಮೂರು ಸಣ್ಣ ಸಂಗತಿಗಳನ್ನು ದಿನ, ಹೊತ್ತು ಸಮೇತ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಂದು ಹಿತ ಕೊಡುವಂಥದ್ದು, ಒಂದು ಕೈಯಿಂದ ಆಯಿತು ಅನ್ನಿಸುವಂಥದ್ದು, ಒಂದು ನಾಲ್ಕು ಜನರ ನಡುವಿನದು. ಸೋಮವಾರ ಸಂಜೆ 6ಕ್ಕೆ ಗುಡಿಯ ಭಜನೆಯಲ್ಲಿ 15 ನಿಮಿಷ, ಗೋಡೆಗೆ ಒರಗಿ ಕೂರುವುದು. ಗುರುವಾರ ಒಂದು ಕೊಳಗ ಜೋಳ ಹಸನು ಮಾಡುವುದು. ಶನಿವಾರ ಅಕ್ಕನ ಮನೆಗೆ ಹೋಗಿ ಒಂದು ಕಪ್ ಚಹಾ. "ಇನ್ನ ಮ್ಯಾಲೆ ಚಲೋ ಇರ್ತೀನಿ" ಎಂಬಂಥ ಸಂಕಲ್ಪಗಳನ್ನು ಬರೆಯಬೇಡಿ, ಅವು ಮುರಿದಾಗ ಇನ್ನಷ್ಟು ಕುಸಿತ. ಮಾಡಿದ್ದರ ಮುಂದೆ ಗೀಟು ಹಾಕಿ, ಹಿತ ಅನಿಸಿತೋ ಇಲ್ಲವೋ ಎಂಬ ವಿಚಾರಣೆ ಮೊದಲ ಎರಡು ವಾರ ಬೇಡ.

ನಿದ್ದೆಗೆ ಮಲಗುವ ಹೊತ್ತಿಗಿಂತ ಏಳುವ ಹೊತ್ತು ಮುಖ್ಯ. ರಾತ್ರಿ ಹೇಗೇ ಕಳೆಯಲಿ, ದಿನವೂ ಒಂದೇ ಹೊತ್ತಿಗೆ ಏಳಿ. ಮಧ್ಯಾಹ್ನದ ನಿದ್ದೆ 20 ನಿಮಿಷಕ್ಕಿಂತ ಹೆಚ್ಚು ಬೇಡ, ಸಂಜೆ 4ರ ನಂತರ ಚಹಾ ಬಿಡಿ. ಮಗ್ಗುಲಾಗಿ ಮಲಗುವವರು ಮೊಣಕಾಲ ನಡುವೆ, ಅಂಗಾತ ಮಲಗುವವರು ಮೊಣಕಾಲ ಕೆಳಗೆ ದಿಂಬು ಇಟ್ಟುಕೊಳ್ಳಿ. ಎಚ್ಚರವಾಗಿ ಸುಮಾರು 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹೊರಳಾಡದೆ ಎದ್ದು ಕೂತು, ಜೊಂಪು ಬಂದಾಗ ಮತ್ತೆ ಮಲಗಿ. ಮೈನೋವು ಮರೆಯಲು ರಾತ್ರಿ ಕುಡಿಯುವವರಿದ್ದಾರೆ. ಸಾರಾಯಿ ಬೇಗ ನಿದ್ದೆ ಹತ್ತಿಸುತ್ತದೆ, ನಡುರಾತ್ರಿ ಎಬ್ಬಿಸುತ್ತದೆ, ಮರುದಿನ ಮನಸ್ಸನ್ನು ಇನ್ನಷ್ಟು ಕೆಳಗಿಳಿಸುತ್ತದೆ.

ಗುಳಿಗೆಯ ವಿಷಯ

ಮೆಡಿಕಲ್ ಅಂಗಡಿಯಲ್ಲಿ "ಟೊಂಕದ ಗುಳಿಗಿ ಕೊಡ್ರಿ" ಎಂದರೆ ಸಿಗುವುದು ಸಾಮಾನ್ಯವಾಗಿ ಡೈಕ್ಲೋಫಿನ್ಯಾಕ್ ಅಥವಾ ಎಸಿಕ್ಲೋಫಿನ್ಯಾಕ್. ನೋವು ಕೆರಳಿದಾಗ ಕೆಲವು ದಿನಕ್ಕೆ ಇವು ಸರಿ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು, ರಕ್ತದೊತ್ತಡದ ಏರಿಕೆ. ಬಿಸಿಲಲ್ಲಿ ನೀರು ಕುಡಿಯದೆ ದುಡಿಯುವವರಿಗೆ, ಬಿಪಿ-ಸಕ್ಕರೆ ಕಾಯಿಲೆ ಇರುವವರಿಗೆ ಮೂತ್ರಪಿಂಡದ ಅಪಾಯ ಇನ್ನೂ ಹೆಚ್ಚು. ಹೆಸರಿಲ್ಲದ ಪೊಟ್ಟಣದಲ್ಲಿ ಕಟ್ಟಿಕೊಡುವ ಬಿಡಿ ಗುಳಿಗೆಗಳನ್ನು ಮುಟ್ಟಲೇಬೇಡಿ. ಅವುಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಎರಡು ದಿನ ಹುರುಪು ಬಂದು ಆಮೇಲೆ ಎಲುಬೇ ಟೊಳ್ಳಾಗುತ್ತದೆ.

ಖಿನ್ನತೆ ಇದೆ ಎಂದು ಖಚಿತವಾದಾಗ ವೈದ್ಯರು ಕೆಲವೊಮ್ಮೆ ಡುಲೋಕ್ಸೆಟಿನ್ ಬರೆಯುತ್ತಾರೆ. ಮೇಲೆ ಹೇಳಿದ ತೂಬಿನ ಎರಡೂ ರಾಸಾಯನಿಕಗಳ ಮೇಲೆ ಇದು ಕೆಲಸ ಮಾಡುತ್ತದೆ. ವಾಡಿಕೆಯಾಗಿ ಒಂದು ವಾರ 30 ಮಿಲಿಗ್ರಾಂ, ಆಮೇಲೆ 60. ಮೊದಲ ವಾರ ವಾಕರಿಕೆ ಬರುತ್ತದೆ, ಊಟದ ನಂತರ ತೆಗೆದುಕೊಂಡರೆ ಕಡಿಮೆ. ಕ್ಯಾಪ್ಸೂಲನ್ನು ಬಿಚ್ಚಿ ಪುಡಿ ಮಾಡಬಾರದು. ಯಕೃತ್ತಿನ ಕಾಯಿಲೆ ಇರುವವರು, ಹೆಚ್ಚು ಕುಡಿಯುವವರು ಅದನ್ನು ಮುಚ್ಚಿಡದೆ ಹೇಳಬೇಕು. ನಿದ್ದೆ ಕೆಟ್ಟವರಿಗೆ ರಾತ್ರಿ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಕೊಡುವುದುಂಟು. ಅದರಿಂದ ಬಾಯಿ ಒಣಗುತ್ತದೆ, ಬೆಳಿಗ್ಗೆ ಮಂಪರು ಇರುತ್ತದೆ. ಹೃದಯದ ತೊಂದರೆ, ಕಣ್ಣಿನ ಗ್ಲಾಕೋಮಾ, ಮೂತ್ರ ಕಟ್ಟುವ ತೊಂದರೆ ಇದ್ದವರು ಮೊದಲೇ ತಿಳಿಸಬೇಕು. ಇಷ್ಟು ಕಡಿಮೆ ಪ್ರಮಾಣ ನಿದ್ದೆಗೆ, ನೋವಿಗೆ. ಖಿನ್ನತೆಗೆ ಅದೊಂದೇ ಸಾಲದು. ಬರೀ ಬೆನ್ನುನೋವಿಗೆಂದು ಎಲ್ಲರಿಗೂ ಈ ಎರಡು ಬಗೆಯ ಔಷಧಿ ಕೊಡುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದಿಲ್ಲ, ಆದ್ದರಿಂದ ನೆರೆಮನೆಯವರ ಚೀಟಿ ನೋಡಿ ತರಬೇಡಿ.

ಇವು ಚಟ ಹಿಡಿಸುವ ಗುಳಿಗೆಗಳಲ್ಲ, "ಹುಚ್ಚಿನ ಗುಳಿಗಿ"ಯೂ ಅಲ್ಲ. ಆದರೆ ಮೊದಲ ಎರಡು ವಾರ ಏನೂ ಗೊತ್ತಾಗುವುದಿಲ್ಲ, ಬಹಳ ಜನ ಬಿಡುವುದೇ ಆಗ. ಆರು ವಾರ ಆಗುವ ತನಕ ತೀರ್ಪು ಬೇಡ. ಗುಣ ಕಂಡ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಿ, ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಒಮ್ಮೆಗೇ ಬಿಟ್ಟರೆ ತಲೆಸುತ್ತು, ಚಡಪಡಿಕೆ ಬರುತ್ತದೆ. ಈ ಗುಳಿಗೆಗಳ ಜೊತೆ ಟ್ರಮಡಾಲ್ ಎಂಬ ನೋವಿನ ಗುಳಿಗೆ ಸೇರಿದರೆ ಅಪರೂಪಕ್ಕೆ ಮೈನಡುಕ, ಜ್ವರ, ಗೊಂದಲದ ಅಪಾಯಕರ ಸ್ಥಿತಿ ಬರುತ್ತದೆ. ಹಾಗಾಗಿ ನುಂಗುತ್ತಿರುವ ಎಲ್ಲ ಗುಳಿಗೆಯ ಖಾಲಿ ಪಟ್ಟಿಗಳನ್ನು ಚೀಲದಲ್ಲಿ ಹಾಕಿಕೊಂಡೇ ಆಸ್ಪತ್ರೆಗೆ ಹೋಗಿ.

ಎಲ್ಲಿಗೆ ಹೋಗಬೇಕು, ಏನು ಹೇಳಬೇಕು

ಮೂರೂ ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಬೆಳಗಾವಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾದ ಬಿಮ್ಸ್‌ಗೆ ಸೇರಿದ ಜಿಲ್ಲಾ ಆಸ್ಪತ್ರೆ, ಬಾಗಲಕೋಟೆ ಮತ್ತು ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆಗೆ ಹೋಗಿ ಮಾನಸಿಕ ಆರೋಗ್ಯ ವಿಭಾಗ ಕೇಳಿ. ದೂರವಾದರೆ, ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ಏರ್ಪಾಡಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯಿಂದ ಮೊದಲೇ ತಿಳಿದುಕೊಳ್ಳಿ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹೊರರೋಗಿ ವಿಭಾಗದಲ್ಲಿ ನಿಮಗೆ ಸಿಗುವುದು ಕೆಲವೇ ನಿಮಿಷ. ಟೊಂಕದ ಮಾತಿನಲ್ಲೇ ಅದು ಮುಗಿಯದಿರಲಿ. ಕೂತ ಕೂಡಲೇ ಹೀಗೆ ಹೇಳಿ: "ಡಾಕ್ಟರ್ರ, ಎಂಟ ತಿಂಗಳಿಂದ ಟೊಂಕ ನೋವೈತ್ರಿ. ಎರಡ ತಿಂಗಳಿಂದ ಮನಸ್ಸಿಗೂ ಭಾಳ ಭಾರ ಆಗೇತ್ರಿ, ನಿದ್ದಿ ಮೂರ ತಾಸ ಅಷ್ಟ. ಇಲ್ಲಿ ಬರಕೊಂಡ ಬಂದೀನ್ರಿ." ಆ ನೋಟ್‌ಬುಕ್ ಮುಂದಿಡಿ. ಎಲುಬಿನ ವೈದ್ಯರಿಗೂ ಇದನ್ನೇ ಹೇಳಿ, ಮನೋವೈದ್ಯರಿಗೆ ಎಲುಬಿನ ವೈದ್ಯರ ಚೀಟಿ ತೋರಿಸಿ.

ಮನೆಯವರಿಗೆ

ಪ್ರೀತಿಯಿಂದಲೇ ಆಗುವ ತಪ್ಪೊಂದಿದೆ: ಎಲ್ಲ ಕೆಲಸ ಕಿತ್ತುಕೊಂಡು ಕೂಡಿಸುವುದು. ಕೂತವರಿಗೆ ತಾನು ಬೇಡವಾದೆ ಅನ್ನಿಸುತ್ತದೆ. ಸೊಸೆ "ಅತ್ತೀ, ಎಂಟ ರೊಟ್ಟಿ ನೀವ ಬಡೀರಿ, ಉಳದದ್ದ ನಾ ಮಾಡ್ತೀನ್ರಿ" ಅಂದರೆ ಅದೇ ದೊಡ್ಡ ಔಷಧಿ. ತಾಸಿಗೊಮ್ಮೆ "ನೋವ ಹ್ಯಾಂಗೈತಿ?" ಎನ್ನುವ ಬದಲು "ಇವತ್ತ ಎಲ್ಲಿತನಾ ಅಡ್ಡಾಡಿ ಬಂದಿ, ಅಪ್ಪಾ?" ಎಂದು ಕೇಳಿ. "ನಾಟಕ ಮಾಡ್ತಾನ" ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರಬಾರದು.

ಬಹುಕಾಲದ ನೋವು ಸಾಯುವ ಯೋಚನೆಯನ್ನು ಹೆಚ್ಚಿಸುತ್ತದೆ. ಅನುಮಾನ ಬಂದರೆ ಸುತ್ತಿಬಳಸದೆ ಕೇಳಿ: "ಅಣ್ಣಾ, ಜೀವಾ ಕಳಕೋಬೇಕು ಅಂತ ಅನಸ್ತೈತೇನ ನಿನಗ?" ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಒಳಗೇ ಬೇಯುತ್ತಿದ್ದವರಿಗೆ ಮಾತಾಡಲು ದಾರಿಯಾಗುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, 14416ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಗಳನ್ನು ಅದೇ ದಿನ ಮನೆಯಿಂದ ತೆಗೆದು, ಬೇರೆಯವರ ಕಡೆ ಬೀಗ ಹಾಕಿ ಇಡಿಸಿ. ಗುಳಿಗೆಯ ಪಟ್ಟಿಗಳು ನಿಮ್ಮ ಕೈಯಲ್ಲಿರಲಿ, ದಿನಕ್ಕೆ ಬೇಕಾದಷ್ಟೇ ಕೊಡಿ. ಏನಾದರೂ ಕುಡಿದುಬಿಟ್ಟಿದ್ದರೆ ವಾಂತಿ ಮಾಡಿಸಲು ಹೋಗದೆ 108ಕ್ಕೆ ಫೋನ್ ಮಾಡಿ, ಡಬ್ಬಿಯನ್ನು ಜೊತೆಗೇ ಒಯ್ಯಿರಿ. ಕೇಸಾಗುತ್ತದೆ ಎಂದು ಅಂಜಿ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ಪರಿಗಣಿಸುತ್ತದೆ, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ ಎನ್ನುತ್ತದೆ.

ನೋವು ಮತ್ತೆ ಕೆರಳಿದಾಗ

ಕೆರಳುತ್ತದೆ. ಕಬ್ಬಿನ ಹಂಗಾಮಿನ ನಡುವೆ, ಮದುವೆಯ ಓಡಾಟದಲ್ಲಿ, ಮನೆಯಲ್ಲಿ ಜಗಳವಾದ ವಾರದಲ್ಲಿ. ಆಗ ಮೊದಲು ಹೋಗುವುದು ಧೈರ್ಯ, "ಇಷ್ಟ ದಿನಾ ಮಾಡಿದ್ದೆಲ್ಲಾ ನೀರಾಗ ಹೋತು" ಅನ್ನಿಸುತ್ತದೆ. ಹಾಗಾಗಿ ಚೆನ್ನಾಗಿದ್ದಾಗಲೇ ಒಂದು ಚೀಟಿ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿಡಿ. ಅಪಾಯದ ಗುರುತು ಇವೆಯೇ ಮತ್ತೆ ನೋಡುವುದು. ಇಲ್ಲದಿದ್ದರೆ ಎಲ್ಲ ಕೆಲಸದ ಅಳತೆಯನ್ನು ಅರ್ಧಕ್ಕೆ ಇಳಿಸುವುದು, ಸೊನ್ನೆಗಲ್ಲ. ದಿನಕ್ಕೆರಡು ಸಲ 15 ನಿಮಿಷ ಬಿಸಿನೀರಿನ ಚೀಲ, ಬಟ್ಟೆ ಸುತ್ತಿ. ಹಗಲು ಎರಡು ತಾಸಿಗಿಂತ ಹೆಚ್ಚು ಒಂದೇ ಸಮ ಮಲಗದಿರುವುದು. ಮನಸ್ಸಿನ ಗುಳಿಗೆ ಇದ್ದರೆ ಒಂದು ದಿನವೂ ತಪ್ಪಿಸದಿರುವುದು. ಒಬ್ಬರಿಗಾದರೂ ಹೇಳುವುದು, ಅವರ ಫೋನ್ ನಂಬರನ್ನು ಅದೇ ಚೀಟಿಯಲ್ಲಿ ಬರೆದಿಡಿ. ಮೂರು ದಿನವಾದ ಮೇಲೆ ಅಳತೆಯನ್ನು ಮುಕ್ಕಾಲಿಗೆ ಏರಿಸಿ, ವಾರದ ಕೊನೆಗೆ ಹಳೆಯ ಅಳತೆಗೆ ತನ್ನಿ. 12 ನಿಮಿಷದಿಂದ 18ಕ್ಕೆ ಬಂದಿದ್ದವರು 9, ಆಮೇಲೆ 13, ಆಮೇಲೆ ಮತ್ತೆ 18. ಎರಡು ವಾರದಲ್ಲೂ ಅಲ್ಲಿಗೆ ಮರಳಲು ಆಗದಿದ್ದರೆ ನೋಟ್‌ಬುಕ್ ಹಿಡಿದುಕೊಂಡು ವೈದ್ಯರ ಬಳಿ ಹೋಗಿ.